ಹಾಡಿದವಳೇ ಕಟ್ಟಿದ ಹಾಡು

ಕೇಳುಗರಿಗೆ ನಮಸ್ಕಾರ. ಹೆಣ್ಣುಮಕ್ಕಳು ಈಗ ಮಾಡುತ್ತಿರುವ ಹೊಸ ಸ್ವತಂತ್ರ ಹಾಡುಗಳ ಬಗ್ಗೆ, ಅಂದರೆ ಹುಡುಗ ಹುಡುಗಿಯರು ಇಂಡೀ ಎಂದು ಕರೆಯುವ ಹಾಡುಗಳ ಬಗ್ಗೆ, ಮಾತನಾಡಬೇಕೆಂದು ರೇಡಿಯೋ ನಿಲಯದವರು ಕೇಳಿದ್ದಾರೆ. ನಾನು ಗಾಯಕಿಯಲ್ಲ, ಇಪ್ಪತ್ತು ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಾ, ಗಾಜಿನ ಈಚೆ ಕುಳಿತು ಆಚೆ ಹಾಡುವವರನ್ನು ನೋಡುತ್ತಾ ಬಂದವಳು. ಸಿನಿಮಾಕ್ಕೆಂದು ಮಾಡದ, ಯಾವ ಕಂಪನಿಯೂ ಹಣ ಹಾಕದ, ಹಾಡುವವಳೇ ಬರೆದು, ರಾಗ ಹಾಕಿ, ಕೈಯಿಂದ ಖರ್ಚು ಮಾಡಿ ಹೊರತರುವ ಹಾಡೇ ಸ್ವತಂತ್ರ ಹಾಡು. ಅಂಥದೊಂದು ಹಾಡನ್ನು ನೆಂಟರ ಮನೆಯಲ್ಲಿ ಕೇಳಿಸಿದರೆ ಬರುವ ಮೊದಲ ಪ್ರಶ್ನೆ, ‘ಇದು ಯಾವ ಸಿನಿಮಾದ್ದು?’ ಎಂಬುದು. ಇವತ್ತು ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಯಾವ ಸಿನಿಮಾದ್ದು ಎಂದು ಕೇಳಬೇಡಿ, ಯಾರದು ಎಂದು ಕೇಳಿ.

ಬಿಂದುಮಾಲಿನಿ ಅವರಿಗೆ ‘ನಾತಿಚರಾಮಿ’ ಚಿತ್ರದ ಗಾಯನಕ್ಕಾಗಿ 2018ನೇ ಸಾಲಿನ ರಾಷ್ಟ್ರ ಪ್ರಶಸ್ತಿ ಬಂದದ್ದು ನಿಮಗೆ ನೆನಪಿರಬಹುದು. ಆ ಚಿತ್ರದ ಸಂಗೀತವೂ ಅವರದೇ ಎಂಬುದು ಎಷ್ಟು ಜನರಿಗೆ ಗೊತ್ತು? ಹಾಡುವ ಹೆಣ್ಣನ್ನು ನಾವು ಕೂಡಲೇ ಗುರುತಿಸುತ್ತೇವೆ, ಹಾಡು ಕಟ್ಟುವ ಹೆಣ್ಣನ್ನು ಗುರುತಿಸುವುದಿಲ್ಲ. ಭಾವಗೀತೆಗಳಿಂದ ನಿಮಗೆಲ್ಲ ಪರಿಚಿತರಾದ ಎಂ.ಡಿ. ಪಲ್ಲವಿ ಅವರು ಜರ್ಮನಿಯ ಹ್ಯಾಂಬರ್ಗ್‌ನ ಆಂಡಿ ಒಟ್ಟೊ ಎಂಬ ಸಂಗೀತಗಾರರೊಡನೆ ಸೇರಿ ಮಾಡಿರುವ ಕೆಲಸವನ್ನೂ ಒಮ್ಮೆ ಹುಡುಕಿ ಕೇಳಿ. ಅದೇ ಕಂಠ, ಆದರೆ ಊರೇ ಬೇರೆ.

ಈಗ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಧಾರವಾಡದ ಹುಡುಗಿಯೊಬ್ಬಳು ತನ್ನ ಮೊದಲ ಹಾಡನ್ನು ಮುದ್ರಿಸಿಕೊಡಬೇಕೆಂದು ಕೇಳಿದಳು. ಸ್ಟುಡಿಯೋ ಬಾಡಿಗೆಗೆ ಅವಳಲ್ಲಿ ಹಣವಿರಲಿಲ್ಲವಾದ್ದರಿಂದ ನಾನೇ ಮೈಕು ಹೊತ್ತುಕೊಂಡು ಅವಳ ಬಾಡಿಗೆ ಕೋಣೆಗೆ ಹೋದೆ. ಕಿಟಕಿಗೆ ಕಂಬಳಿ ಕಟ್ಟಿದೆವು, ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಆರಿಸಿದೆವು. ಒಂದು ಸಲ ಪಕ್ಕದ ಮನೆಯ ಕುಕ್ಕರ್ ಕೂಗಿತು, ಇನ್ನೊಂದು ಸಲ ನಾಯಿ ಬೊಗಳಿತು; ಕೊನೆಗೆ ರಾತ್ರಿ ಹನ್ನೊಂದರ ಮೇಲೆ, ಓಣಿ ಮಲಗಿದ ನಂತರ, ಹಾಡು ಸರಿಯಾಗಿ ಸಿಕ್ಕಿತು. ಹುಬ್ಬಳ್ಳಿ ಬಸ್ಸಿನಲ್ಲಿ ಕುಳಿತಾಗ ಹೊಳೆದ ರಾಗವದು. ಮರೆತುಹೋದೀತೆಂದು ಅವಳು ಅಲ್ಲೇ ಫೋನಿನಲ್ಲಿ ಗುನುಗಿಟ್ಟುಕೊಂಡಿದ್ದಳು. ನನಗೂ ಕೇಳಿಸಿದಳು, ನಡುವೆ ಕಂಡಕ್ಟರು ‘ರೈಟ್ ರೈಟ್’ ಎನ್ನುವುದು ಸ್ಪಷ್ಟವಾಗಿ ಕೇಳುತ್ತದೆ.

ಹಾಡನ್ನು ಅಂತರ್ಜಾಲಕ್ಕೆ ಏರಿಸುವಾಗ ಒಂದು ಫಾರಂ ತುಂಬಬೇಕಾಗುತ್ತದೆ. ಗಾಯನ, ಸಾಹಿತ್ಯ, ಸಂಗೀತ ಎಂದು ಮೂರು ಕಡೆ ಹೆಸರು ಬರೆಯಬೇಕು. ಅವಳು ಮೂರೂ ಕಡೆ ತನ್ನ ಹೆಸರು ಬರೆದು, ಒಂದು ನಿಮಿಷ ನೋಡಿ, ಮೂರನೆಯದನ್ನು ಅಳಿಸಿ, ಗಿಟಾರ್ ನುಡಿಸಿದ ಹುಡುಗನ ಹೆಸರು ಹಾಕಿದಳು. ಏಕಮ್ಮಾ ಎಂದರೆ, ‘ಮೂರೂ ಕಡೆ ನಂದ ಹೆಸರು ಬಂದ್ರ ಮಂದಿ ಏನಂತಾರ್ರೀ ಅಕ್ಕಾರ?’ ಎಂದಳು. ನಾನು ಅಲ್ಲಿಯೇ ಗದರಿಸಬೇಕಿತ್ತು. ತಡವಾಗಿತ್ತು, ನಿದ್ದೆ ಬರುತ್ತಿತ್ತು, ಸುಮ್ಮನಾದೆ. ಒಂದು ವರ್ಷದ ಮೇಲೆ ಕಿರುಚಿತ್ರವೊಂದಕ್ಕೆ ಆ ರಾಗ ಬೇಕೆಂದು ಪತ್ರ ಬಂತು, ಮುಂಗಡವೂ ಬಂತು; ಬಂದದ್ದು ಗಿಟಾರಿನ ಹುಡುಗನಿಗೆ. ಅವನು ಒಳ್ಳೆಯವನು, ಕೂಡಲೇ ಅವಳಿಗೆ ಫೋನು ಮಾಡಿದ. ಆದರೆ ಹಣ ಕೊಟ್ಟವರು, ಕಾಗದದಲ್ಲಿರುವ ಹೆಸರೇ ನಮಗೆ ಹೆಸರು, ರಾಗ ನಿಮ್ಮದೆನ್ನಲು ಏನು ಆಧಾರ ಎಂದರು. ಆಗ ಹೊರಬಂದದ್ದು ಆ ಬಸ್ಸಿನ ಗುನುಗು. ತಾರೀಖು ಇತ್ತು, ಅವಳ ದನಿ ಇತ್ತು, ಕಂಡಕ್ಟರನ ‘ರೈಟ್ ರೈಟ್’ ಕೂಡ ಇತ್ತು. ಅಷ್ಟಿದ್ದರೂ ಹೆಸರು ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು.

ಗಡಿಯಾರ ನೋಡಿದರೆ ನನ್ನ ಸಮಯದ ಬಹುಪಾಲು ಈ ಕತೆಗೇ ಹೋಗಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಸಾಹಿತ್ಯ ಬರೆದವರ ಮತ್ತು ರಾಗ ಹಾಕಿದವರ ರಾಯಧನದ, ಅಂದರೆ ಹಾಡು ಬಳಕೆಯಾದಾಗ ಬರಬೇಕಾದ ಹಣದ, ಹಕ್ಕನ್ನು ಗಟ್ಟಿಗೊಳಿಸಿದೆ. ಹಾಡಿದವರಿಗೆ ಬರುವ ಹಣದ ದಾರಿಯೇ ಬೇರೆ, ರಾಗ ಕಟ್ಟಿದವರಿಗೆ ಬರುವ ಹಣದ ದಾರಿಯೇ ಬೇರೆ. ಹೆಸರಿಲ್ಲದ ಕಡೆಗೆ ಹಣ ಬರುವುದಿಲ್ಲ. ಕೇಳುಗರ ಪಾಲಿನ ಕೆಲಸವೂ ಇದೆ: 2024ರಿಂದ ಸ್ಪಾಟಿಫೈ ಎಂಬ ಹಾಡು ಕೇಳುವ ಆ್ಯಪ್‌ನಲ್ಲಿ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳದ ಹಾಡಿಗೆ ರಾಯಧನವೇ ಇಲ್ಲ, ಮತ್ತು 30 ಸೆಕೆಂಡಾದರೂ ಕೇಳದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಹಾಡನ್ನು ಹೆಸರು ಹಿಡಿದು ಹುಡುಕಿ, ಅರ್ಧಕ್ಕೆ ಬಿಡಬೇಡಿ. ಹಾಡಿನ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿದರೆ ಕ್ರೆಡಿಟ್ಸ್ ಎಂಬುದು ಕಾಣಿಸುತ್ತದೆ. ಅಲ್ಲಿ ಯಾರದು ಎಂದು ನೋಡಿ.

ಹಾಡಿನ ಜೊತೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಹೊಸ ಜಂಬವೇನೂ ಅಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದ ಗಾಯಕಿ ಗೌಹರ್ ಜಾನ್, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆ ಒತ್ತುವ ಜರ್ಮನಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಲಿ ಎಂದು ಹಾಗೆ ಮಾಡುತ್ತಿದ್ದರಂತೆ. ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಕಳೆದ ತಿಂಗಳು ಧಾರವಾಡದ ಆ ಹುಡುಗಿ ತನ್ನ ಹೊಸ ಹಾಡಿನ ಫಾರಂ ತುಂಬಿ ನನಗೆ ಕಳುಹಿಸಿದಳು. ಮೂರೂ ಕಡೆ ಅವಳದೇ ಹೆಸರಿತ್ತು. ಎರಡು ಕಡೆ ಇನಿಷಿಯಲ್ ಹಿಂದೆ, ಒಂದು ಕಡೆ ಮುಂದೆ. ಹಾಗೆ ಬಿಟ್ಟರೆ ಕಂಪ್ಯೂಟರು ಇಬ್ಬರು ಬೇರೆ ಬೇರೆ ಹೆಂಗಸರೆಂದು ತಿಳಿದೀತೆಂದು ತಿದ್ದಿ ವಾಪಸು ಕಳುಹಿಸಿದೆ. ನಮಸ್ಕಾರ.