ನಾಲ್ಕೂವರೆ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ಕಾರವಾರ ಆಕಾಶವಾಣಿಯವರು ಫೋನ್ ಮಾಡಿ, "ಇಲಿ, ಹೆಗ್ಗಣದ ಕಾಟಕ್ಕೆ ಏರ್‌ಗನ್ ಇಟ್ಟುಕೊಳ್ಳುವವರು ಯಾವ ಅಳತೆಯದ್ದು ತಗೋಬೇಕು, ಸ್ವಲ್ಪ ಹೇಳಿ" ಅಂದರು. ಹತ್ತು ನಿಮಿಷ ಕೊಟ್ಟಿದ್ದಾರೆ. ಉತ್ತರಕ್ಕೆ ಎರಡು ಸೆಕೆಂಡ್ ಸಾಕು. ನಾಲ್ಕೂವರೆ ಮಿಲಿಮೀಟರ್. ಯಾಕೆ ಅಂತ ಹೇಳುವುದಕ್ಕೆ ಉಳಿದ ಹೊತ್ತು.

ಅಂಗಡಿಯಲ್ಲಿ ನಿಮಗೆ ನಳಿಗೆಯ ತೂತಿನ, ಅಂದರೆ ಬೋರಿನ, ಎರಡು ಅಳತೆ ತೋರಿಸುತ್ತಾರೆ. ಒಂದು 4.5 ಮಿ.ಮೀ. ಹಳಬರು ಇದನ್ನು ಒಂದನೇ ನಂಬರ್ ಅನ್ನುತ್ತಾರೆ, ಪೆಟ್ಟಿಗೆಯ ಮೇಲೆ ಇಂಚಿನ ಲೆಕ್ಕದಲ್ಲಿ .177 ಅಂತ ಬರೆದಿರುತ್ತದೆ. ಇನ್ನೊಂದು 5.5 ಮಿ.ಮೀ. ಅದು ಎರಡನೇ ನಂಬರ್, .22. ಎರಡರ ಚರೆಯನ್ನೂ ಅಂಗೈಯಲ್ಲಿಟ್ಟು ನೋಡಿ. ಚಿಕ್ಕದು ಸುಮಾರು ಅರ್ಧ ಗ್ರಾಂ ಬರುತ್ತದೆ. ದೊಡ್ಡದು ಒಂದು ಗ್ರಾಂಗೆ ಹತ್ತಿರ. ನೋಡಿದ ಕೂಡಲೇ ಎಲ್ಲರ ಕೈಯೂ ದೊಡ್ಡದರ ಕಡೆಗೇ ಹೋಗುತ್ತದೆ. ಹೆಗ್ಗಣ ದಪ್ಪ ಇದೆ, ಚರೆಯೂ ದಪ್ಪ ಇರಲಿ ಅಂತ. ನಾನು ಗುರಿ ಹೊಡೆಯುವುದನ್ನು ಹೇಳಿಕೊಟ್ಟ ಹುಡುಗರೂ ಹಾಗೇ ಅಂದುಕೊಂಡೇ ಬರುತ್ತಿದ್ದರು.

ಚರೆ ದೊಡ್ಡದಾದ ಮಾತ್ರಕ್ಕೆ ಏರ್‌ಗನ್ನಿನ ಬಲ ಹೆಚ್ಚುವುದಿಲ್ಲ. ಒಳಗಿರುವುದು ಅದೇ ಸ್ಪ್ರಿಂಗು, ಅದೇ ಗಾಳಿ. ಹಗುರ ಚರೆಯನ್ನು ಅದು ಜೋರಾಗಿ ತಳ್ಳುತ್ತದೆ, ಭಾರದ ಚರೆಯನ್ನು ನಿಧಾನಕ್ಕೆ. ಹತ್ತು ಜೌಲ್ ಶಕ್ತಿಯ ಏರ್‌ಗನ್ ಅಂದುಕೊಳ್ಳಿ. ಅರ್ಧ ಗ್ರಾಂ ಚರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಡುತ್ತದೆ. ದೊಡ್ಡದು 150ರ ಸುತ್ತಮುತ್ತ. ನಿಧಾನ ಹೋದದ್ದು ದಾರಿಯಲ್ಲಿ ಜಾಸ್ತಿ ಕೆಳಗೆ ಇಳಿಯುತ್ತದೆ, ಅಲ್ವಾ? 20 ಮೀಟರ್ ಹೋಗುವಷ್ಟರಲ್ಲಿ ಚಿಕ್ಕದು ಐದಾರು ಸೆಂಟಿಮೀಟರ್ ಇಳಿದರೆ ದೊಡ್ಡದು ಒಂಬತ್ತು, ಹತ್ತು. ಇಲಿಯ ತಲೆ ಇರುವುದೇ ಎರಡು ಬೆರಳಗಲ. ಅಂದರೆ ದೊಡ್ಡ ಬೋರಿನ ಜತೆ ಕೂತವನು ಪ್ರತಿ ಸಲವೂ ದೂರವನ್ನು ಸರಿಯಾಗಿ ಅಂದಾಜು ಮಾಡಲೇಬೇಕು. ಕತ್ತಲಲ್ಲಿ. ಟಾರ್ಚ್ ಬೆಳಕಿನಲ್ಲಿ. ಅದೂ ಓಡಾಡುವ ಇಲಿಗೆ.

ಇದಕ್ಕೆ ನನ್ನ ಸೋದರಮಾವನ ಕಥೆಯನ್ನೇ ಹೇಳಬೇಕು.

ಶಿರಸಿ ಹತ್ತಿರ ಅವರ ಮನೆ. ಒಳ ಅಂಗಳದ ಆಚೆ ಉಗ್ರಾಣ. ಅಲ್ಲಿ ಭತ್ತ, ತೆಂಗಿನಕಾಯಿ, ಒಂದು ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಸಾಲು. ಹೆಗ್ಗಣಗಳು ಗೋಡೆ ಬುಡಕ್ಕೆ ಬಿಲ ಕೊರೆದು ಕಾಯಿಗೆ ಬಾಯಿ ಹಾಕುತ್ತಿದ್ದವು. ಬೋನು ಇಟ್ಟಾಯಿತು, ಬೆಕ್ಕು ಸಾಕಿದ್ದಾಯಿತು. ಬೆಕ್ಕು ಹೆಗ್ಗಣವನ್ನು ಕಂಡು ಮಾಡು ಹತ್ತಿತು. ಕೊನೆಗೆ ಮಾವ ಐದೂವರೆಯ ಏರ್‌ಗನ್ ತಂದರು. ಲೈಸೆನ್ಸ್ ಮಾಡಿಸಿಕೊಂಡೇ ತಂದಿದ್ದರು, ಅದರಲ್ಲಿ ಅವರದ್ದು ಶಿಸ್ತು.

ನಾನು ರಜೆಗೆ ಹೋದಾಗ ರಾತ್ರಿ ಊಟ ಮುಗಿಸಿ ಇಬ್ಬರೂ ಜಗಲಿ ಮೇಲೆ ಕೂತೆವು. ನನ್ನ ಕೈಯಲ್ಲಿ ಟಾರ್ಚು. ಹೊರಗೆ ಜಿಟಿಜಿಟಿ ಮಳೆ. ಹತ್ತೂವರೆ ಹೊತ್ತಿಗೆ ಉಗ್ರಾಣದ ಬಾಗಿಲಲ್ಲಿ ಒಂದು ಹೆಗ್ಗಣ ಬಂತು ನೋಡಿ, ಅದು ಹೆಗ್ಗಣವೋ ಮೊಲವೋ ಅನ್ನುವ ಹಾಗಿತ್ತು. ಮಾವ ಕಿವಿಯಲ್ಲಿ ಹೇಳಿದರು, "ಅಪ್ಪೀ, ಇಪ್ಪತ್ತೈದು ಮೀಟರ್ ಇದೆ. ಚರೆ ಕೆಳಗೆ ಬೀಳುತ್ತೆ. ಸ್ವಲ್ಪ ಮೇಲೆ ಹಿಡೀತೆ." ಇದ್ದದ್ದು ಹದಿನೈದೇ ಮೀಟರ್. ಮರುದಿನ ನಾನೇ ಅಳೆದೆ. ಮಾವ ಮೇಲೆ ಹಿಡಿದರು. ಹೊಡೆದರು.

ಮೊದಲು ಟಣ್ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ತೊಟ, ತೊಟ, ತೊಟ. ಮಳೆ ನೀರು ಸೋರುತ್ತಿದೆ ಅಂದುಕೊಂಡೆವು. ಅಷ್ಟರಲ್ಲಿ ಗಾಳಿಯಲ್ಲಿ ವಾಸನೆ ಬಂತು. ಶಿರಸಿ ಕಡೆಯ ಕೇಳುಗರಿಗೆ ಬಿಡಿಸಿ ಹೇಳುವುದೇ ಬೇಡ. ಜೀರಿಗೆ ಪರಿಮಳದ ಅಪ್ಪೆಮಿಡಿ! ಅಘನಾಶಿನಿ ಹೊಳೆ ದಂಡೆಯ ಮಾವಿನ ಮರದ ಮಿಡಿ. ತೊಟ್ಟು ಮುರಿಯದ ಹಾಗೆ ಒಂದೊಂದಾಗಿ ಆರಿಸಿ ಅತ್ತೆ ಉಪ್ಪಿನಲ್ಲಿ ಹಾಕಿಟ್ಟದ್ದು. ಅಜ್ಜಿ ಕಾಲದ ಭರಣಿಗೆ ಬುಡದ ತನಕ ಬಿರುಕು.

ಅತ್ತೆ ಲಾಟೀನು ಹಿಡಿದು ಬಂದರು. ಭರಣಿ ನೋಡಿದರು. ಮಾವನನ್ನು ನೋಡಿದರು. "ಇಲಿಗೆ ಬಿತ್ತಾ?" ಅಂತ ಕೇಳಿದರು. ಇಲ್ಲ ಅಂದೆವು. ಅಷ್ಟೇ. ಮಾತಿಲ್ಲದೆ ಒಳಗೆ ಹೋಗಿ ದೊಡ್ಡ ಪಾತ್ರೆ ತಂದು, ರಾತ್ರಿ ಹನ್ನೆರಡರ ತನಕ ನಮ್ಮಿಬ್ಬರಿಂದಲೂ ಮಿಡಿ ಎತ್ತಿಸಿದರು. ಒಂದು ವಾರ ಮಾವನ ಎಲೆಗೆ ಉಪ್ಪಿನಕಾಯಿ ಬೀಳಲಿಲ್ಲ. ನನಗೂ ಇಲ್ಲ. ನಾನು ಬರೀ ಟಾರ್ಚ್ ಹಿಡಿದವನು!

ಮರುದಿನ ಬೆಳಿಗ್ಗೆ ಮದುವೆ ಕರೆಯೋಲೆಗಳ ಹಿಂಬದಿಗೆ ಇಂಕಿನ ಚುಕ್ಕೆ ಇಟ್ಟು, ಮಣ್ಣು ತುಂಬಿದ ಚೀಲಕ್ಕೆ ಸಿಕ್ಕಿಸಿ, ಸರಿಯಾಗಿ ಹದಿನೈದು ಮೀಟರಿನಿಂದ ಹೊಡೆದೆವು. ಐದೈದು ಹೊಡೆತ. ಮಾವನ ಐದೂವರೆಯ ಐದು ತೂತು ಒಂದು ಹೋಳಿಗೆಯಷ್ಟು ಅಗಲಕ್ಕೆ ಹರಡಿದವು. ಪಕ್ಕದ ಮನೆಯಿಂದ ತಂದ ನಾಲ್ಕೂವರೆಯಲ್ಲಿ ಅದೇ ಮಾವ, ಅದೇ ಕೈ, ಐದೂ ಒಂದು ರೂಪಾಯಿ ನಾಣ್ಯದ ಅಡಿಗೆ ಬಂದವು. ಆ ವಾರದಲ್ಲಿ ಮೂರು ಹೆಗ್ಗಣ ಬಿದ್ದವು. ಮೂರಕ್ಕೂ ತಲೆಗೇ ಪೆಟ್ಟು, ಇದ್ದಲ್ಲೇ ಮುಗಿದವು. ಹೊಟ್ಟೆಗೆ ಬಿದ್ದರೆ ಅದು ಬಿಲಕ್ಕೆ ಓಡಿಹೋಗಿ ನರಳಿ ಸಾಯುತ್ತದೆ, ಗೋಡೆಯೊಳಗೆ ಹದಿನೈದು ದಿನ ನಾತ. ಚರೆ ದಪ್ಪ ಇದ್ದರೂ ಅಷ್ಟೇ. ತಲೆಗೆ ಬಿದ್ದರೆ ನಾಲ್ಕೂವರೆ ಸಾಕು.

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಅವರ ಕೈಯಲ್ಲಿದ್ದದ್ದೂ ನಾಲ್ಕೂವರೆಯೇ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಹತ್ತು ಮೀಟರ್ ದೂರದಲ್ಲಿ. ನಿಮ್ಮ ಹೆಗ್ಗಣ ಅದಕ್ಕಿಂತ ದೊಡ್ಡದೇ ಇದೆ.

ಭರಣಿ ಕಥೆಗೇ ಅರ್ಧ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಾನೂನು ಕೂಡ ನಾಲ್ಕೂವರೆಯ ಕಡೆಗೇ ಇದೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ 4.5 ಮಿ.ಮೀ. ಮೀರದ, 20 ಜೌಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಐದೂವರೆಗೆ ಬೇಕು. ಅಂಗಡಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇಲಿಗೆ ಗುಂಡು ತಲೆಯ ಚರೆ ತಗೊಳ್ಳಿ. ಕಾಗದಕ್ಕೆ ಚಪ್ಪಟೆ ತಲೆಯದ್ದು ಚೆನ್ನ, ತೂತು ಸ್ವಚ್ಛವಾಗಿ ಬೀಳುತ್ತದೆ. ಚೂಪು ತಲೆಯದ್ದು ನೋಡಲು ಚೆಂದ, ಬಿಟ್ಟುಬಿಡಿ. ಚರೆ ಸೀಸದ್ದು. ಬಾಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಚಾಳಿ ಇದ್ದವರು ಇವತ್ತೇ ನಿಲ್ಲಿಸಿ, ಕೈ ತೊಳೆದೇ ಊಟಕ್ಕೆ ಕೂರಿ. ಸ್ಪ್ರಿಂಗಿನ ಏರ್‌ಗನ್ನನ್ನು ಬಿಗಿಯಾಗಿ ಹಿಡಿಯಬೇಡಿ. ಅದು ಹಿಂದೆಮುಂದೆ ಒದೆಯುತ್ತದೆ, ಒದೆಯಲಿ, ಅಂಗೈ ಮೇಲೆ ಸುಮ್ನೆ ಇಟ್ಟ ಹಾಗಿರಲಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ನಳಿಗೆ ವಾರದಲ್ಲೇ ತುಕ್ಕು ಹಿಡಿಯುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿ. ಇಲಿಯ ಹಿಂದೆ ಮಣ್ಣೋ ಮರಳಿನ ಚೀಲವೋ ಇರಲೇಬೇಕು. ಕಲ್ಲಿಗೆ ಬಿದ್ದ ಚರೆ ವಾಪಸ್ ಬರುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ.

ಇನ್ನೊಂದು. ನಾನು ಎಲ್ಲಿ ಹೋದರೂ ಜನ ಕೇಳುವುದು ಮಂಗನ ಬಗ್ಗೆ. ಇಲ್ಲ ಅಂದರೆ ಇಲ್ಲ. ಮಂಗ, ಕೆಂದಳಿಲು, ನವಿಲು, ಮಂಗಟ್ಟೆ, ಮುಳ್ಳುಹಂದಿ, ಗಿಳಿ, ಕಬ್ಬೆಕ್ಕು, ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹೊಡೆದರೆ ಜೈಲು. ಏರ್‌ಗನ್ನಿಗೆ ಮಂಗ ಸಾಯುವುದೂ ಇಲ್ಲ, ಗಾಯ ಕೊಳೆತು ಕಾಡಿನಲ್ಲಿ ಬೀಳುತ್ತದೆ. ಸಿದ್ದಾಪುರದ ಕಡೆಯವರಿಗೆ ಗೊತ್ತು, ಮಂಗನ ಕಾಯಿಲೆ ಬಂದು ಸತ್ತ ಮಂಗದ ಮೈಯಿಂದ ಉಣುಗು ಉದುರಿ ಮನುಷ್ಯರಿಗೆ ಕಚ್ಚಿದರೆ ಏನಾಗುತ್ತದೆ ಅಂತ. ನಾನು ಇಷ್ಟು ಹೊತ್ತು ಮಾತಾಡಿದ್ದು ಮನೆ ಇಲಿ, ಹೆಗ್ಗಣದ ಬಗ್ಗೆ ಮಾತ್ರ.

ತೆಂಗಿನ ಮರದ ತುದಿಯಲ್ಲಿ ಎಳೆಗಾಯಿ ಕೊರೆಯುವ ಇಲಿಗೆ ಯಾವ ಬೋರು ಅಂತ ಅಂಕೋಲದಿಂದ ಒಬ್ಬರು ಕೇಳಿದ್ದರು. ಯಾವುದೂ ಬೇಡ. ಮೇಲಕ್ಕೆ ಹೊಡೆದ ಚರೆ ನೂರಾರು ಮೀಟರ್ ಆಚೆ ಯಾರದ್ದೋ ಅಂಗಳಕ್ಕೆ ಬೀಳುತ್ತದೆ. ನೆಲದಿಂದ ಎರಡು ಮೀಟರ್ ಮೇಲೆ ಮರದ ಸುತ್ತ ಒಂದೂವರೆ ಅಡಿ ಅಗಲದ ತಗಡು ಸುತ್ತಿಸಿ, ಪಕ್ಕದ ಮರದ ಗರಿ ತಾಗದ ಹಾಗೆ ಸವರಿಸಿ. ಇಲಿ ಜಾರುತ್ತದೆ. ನಮಸ್ಕಾರ.