ಒಳಮೂಲೆಯಿಂದ ಗೇಟಿನವರೆಗೆ: ಮನೆಯಂಗಳದ ತೋಟದ ಕೆಲಸ

ಕೇಳುಗರಿಗೆ ನಮಸ್ಕಾರ.

ಮಣ್ಣಿನ ನೆಲಕ್ಕೆ ಸಗಣಿ ಸಾರಿಸುವವರು ಬಾಗಿಲ ಬಳಿ ಶುರುಮಾಡುವುದಿಲ್ಲ. ಒಳಮೂಲೆಯಲ್ಲಿ ಕೈಯಿಟ್ಟು, ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೊಸ್ತಿಲಿಗೆ ಬಂದು ಎದ್ದು ನಿಲ್ಲುತ್ತಾರೆ. ಸಾರಿಸಿದ ನೆಲದ ಮೇಲೆ ಅವರ ಹೆಜ್ಜೆ ಬೀಳುವುದಿಲ್ಲ. ಮನೆಯಂಗಳದಲ್ಲಿ ಹುಲ್ಲುಹಾಸು, ಗಿಡ, ಕಲ್ಲುದಾರಿ ಮಾಡುವಾಗಲೂ ಸರದಿ ಇದೇ. ಹುಲ್ಲು ಹಾಸಿದ ಮೇಲೆ ಕಲ್ಲು ಹೊತ್ತವರು ಬಂದರೆ ಹುಲ್ಲು ಹಾಳು. ಕಲ್ಲು ಕೂರಿಸಿದ ಮೇಲೆ ಪೈಪಿಗೆಂದು ಅಗೆದರೆ ಕಲ್ಲು ಹಾಳು. ತೋಟದ ಕೆಲಸದಲ್ಲಿ ಹಣ ಪೋಲಾಗುವುದೂ ಜನರಿಗೆ ಪೆಟ್ಟಾಗುವುದೂ ಬಹುಪಾಲು ಹೀಗೆ ಸರದಿ ತಪ್ಪಿ, ಕೊನೆಯ ದಿನ ಗಡಿಬಿಡಿ ಹತ್ತಿದಾಗ.

ಲೆಕ್ಕಕ್ಕೆಂದು ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟಿದ ಮನೆಯ ಮುಂದಿನ 1000 ಚದರ ಅಡಿ ಜಾಗ ಇಟ್ಟುಕೊಳ್ಳೋಣ. ಆಳೆತ್ತರ ಕಳೆ, ಅದರಡಿ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಕಬ್ಬಿಣದ ತುಂಡು. ಕೆಲಸಕ್ಕೆ ನಾಲ್ಕೈದು ಜನ, ಅವರಿಂದ ಮಾಡಿಸುವವರು ನೀವು.

ಮೊದಲು ಕಾಲ ನೋಡಬೇಕು. ಬೇಸಿಗೆಯಲ್ಲಿ ಹುಲ್ಲು ಹಾಸಿದರೆ ದಿನಕ್ಕೆರಡು ಹೊತ್ತು ನೀರು ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಶುರುಮಾಡಿದರೆ ನೆಲವೂ ಮೆತ್ತಗಿರುತ್ತದೆ, ನೀರಿನ ಚಿಂತೆಯೂ ಅರ್ಧ. ಆದರೆ ತೊಯ್ದ ಮಣ್ಣನ್ನು ಅಗೆಯಬಾರದು. ಒಂದು ಹಿಡಿ ಮಣ್ಣು ತೆಗೆದು ಅಮುಕಿ, ಬೆರಳಿಂದ ತಟ್ಟಿ. ಉದುರಿದರೆ ಅಗೆಯಬಹುದು. ಉಂಡೆಯಾಗಿಯೇ ಉಳಿದರೆ ಎರಡು ದಿನ ಕಾಯಿರಿ. ಹಸಿ ಮಣ್ಣನ್ನು ತುಳಿದರೆ ಅದು ಒಣಗಿ ಇಟ್ಟಿಗೆಯಂತಾಗುತ್ತದೆ, ಬೇರು ಇಳಿಯುವುದಿಲ್ಲ.

ಗುದ್ದಲಿ ಎತ್ತುವ ಮುನ್ನ ನೆಲದಡಿ ಏನಿದೆ ಎಂದು ತಿಳಿಯಬೇಕು. ಮನೆ ಕಟ್ಟಿದ ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರಿಗೂ ಫೋನ್ ಮಾಡಿ ಕೇಳಿ. ನೆಲದಡಿಯ ತೊಟ್ಟಿಗೆ (ಸಂಪ್) ಬರುವ ನೀರಿನ ಪೈಪು, ಗೇಟಿನ ದೀಪದ ಕೇಬಲ್, ಒಳಚರಂಡಿ ಪೈಪು, ಈಚೆಗೆ ಹಲವು ಬಡಾವಣೆಗಳಲ್ಲಿ ಅಡುಗೆ ಅನಿಲದ ಪೈಪು. ಒಳಚರಂಡಿಯದು ಪತ್ತೆ ಸುಲಭ. ಎರಡು ಚೇಂಬರ್‌ಗಳ, ಅಂದರೆ ಒಳಚರಂಡಿ ಗುಂಡಿಗಳ, ಮುಚ್ಚಳಗಳ ನಡುವೆ ದಾರ ಎಳೆದರೆ ಪೈಪು ಸಾಮಾನ್ಯವಾಗಿ ಅದರಡಿಯೇ ಇರುತ್ತದೆ. ಈ ಎಲ್ಲ ಗೆರೆಗಳ ಮೇಲೂ ಸುಣ್ಣ ಹಾಕಿ, ಟೇಪು ಹಿಡಿದು ಫೋಟೋ ತೆಗೆದಿಡಿ. ಗೆರೆಯ ಎರಡೂ ಬದಿ ಎರಡೆರಡು ಅಡಿ ಪಿಕಾಸಿ, ಹಾರೆ ಮುಟ್ಟಬಾರದು. ಅಲ್ಲಿ ಸಲಿಕೆಯಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಕೇಬಲ್ ಇರುವ ಕಡೆ ಮೇನ್ ಸ್ವಿಚ್ಚನ್ನೇ ಆರಿಸಿಬಿಡಿ. ಚೇಂಬರ್ ತೆರೆದಾಗ ಒಳಕ್ಕೆ ಸಲಿಕೆ ಬಿದ್ದರೂ ಸರಿ, ಮೊಬೈಲ್ ಬಿದ್ದರೂ ಸರಿ, ಯಾರೂ ಇಳಿಯಕೂಡದು, ತಲೆ ಬಗ್ಗಿಸಲೂಕೂಡದು. ಅಲ್ಲಿನ ಅನಿಲ ಎರಡು ಉಸಿರಿಗೆ ಮನುಷ್ಯನನ್ನು ಬೀಳಿಸಬಲ್ಲದು, ಎತ್ತಲು ಇಳಿದವನನ್ನೂ ಬೀಳಿಸುತ್ತದೆ. ತಲೆ ಎತ್ತಿ ಮೇಲೂ ನೋಡಿ. ವಿದ್ಯುತ್ ತಂತಿ ಕೈಗೆಟುಕುವಂತಿದ್ದರೆ ಅದರಡಿ ಅಲ್ಯೂಮಿನಿಯಂ ಏಣಿ, ಕಬ್ಬಿಣದ ದೋಟಿ ಬೇಡ. ತಂತಿಗೆ ತಾಗಿದ ಕೊಂಬೆಯನ್ನು ನೀವು ಕಡಿಯಬೇಡಿ, 1912ಕ್ಕೆ ಕರೆ ಮಾಡಿ. ಮರ ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸ್ವಂತ ಜಾಗದ ಮರ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಈಗ ಕಳೆ ಸವರುವುದು. ಹೆಚ್ಚು ಪೆಟ್ಟು ಬೀಳುವ ಜಾಗ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕಳೆ ಸವರುವ ಯಂತ್ರ, ಅಂದರೆ ಬ್ರಷ್ ಕಟರ್, ಹಿಡಿಯುವವರಿಗೆ ಗಟ್ಟಿ ಬೂಟು, ಮೊಳಕಾಲಿನವರೆಗೆ ರಕ್ಷೆ, ಉದ್ದ ಪ್ಯಾಂಟು, ಕಣ್ಣಿಗೆ ಕನ್ನಡಕ, ಅದರ ಮೇಲೆ ಮುಖದ ಜಾಲರಿ, ಕಿವಿಗೆ ಮುಚ್ಚಳ ಇರಲೇಬೇಕು. ಲುಂಗಿ, ಕೊರಳ ಟವೆಲ್ಲು ಬೇಡ. ಯಂತ್ರ ಓಡುವಾಗ ಅದರ ಸುತ್ತ 15 ಮೀಟರ್ ದೂರದೊಳಗೆ ಬೇರೆ ಯಾರೂ ಇರಬಾರದು. ಬ್ಲೇಡಿಗೆ ತಾಗಿದ ಕಲ್ಲು ಅಷ್ಟು ದೂರ ಹಾರುತ್ತದೆ. ಆದ್ದರಿಂದ ಯಂತ್ರ ಶುರುಮಾಡುವ ಮುನ್ನ ಒಬ್ಬರು ಕೋಲು ಹಿಡಿದು ಕಳೆಯನ್ನು ಬಡಿಯುತ್ತ ನಡೆದು ತಂತಿ, ಬಾಟಲಿ, ಕಲ್ಲು ಆಯ್ದು ತೆಗೆಯಬೇಕು. ಹಾವಿದ್ದರೆ ಸರಿದು ಹೋಗಲೂ ಅದು ಸಮಯ. ಬ್ಲೇಡನ್ನು ಬಲದಿಂದ ಎಡಕ್ಕೆ ಬೀಸಿ. ಮೇಲಿನಿಂದ ನೋಡಿದಾಗ ಬ್ಲೇಡನ್ನು ಗಡಿಯಾರದ ಮುಖ ಎಂದುಕೊಂಡರೆ, ಹನ್ನೆರಡರಿಂದ ಮೂರರವರೆಗಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಬಾರದು. ತಾಗಿದರೆ ಯಂತ್ರ ಇಡೀ ಬಲಕ್ಕೆ ಎಗರುತ್ತದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಬ್ಲೇಡ್ ತೆಗೆದು ನೈಲಾನ್ ದಾರ ಹಾಕಿಕೊಳ್ಳಿ. ಸುತ್ತಿಕೊಂಡ ಹುಲ್ಲು ಬಿಡಿಸಲು ಎಂಜಿನ್ ಪೂರ್ತಿ ನಿಲ್ಲಿಸಬೇಕು, ವೇಗ ತಗ್ಗಿಸಿದರೆ ಸಾಲದು. ಟೂ ಸ್ಟ್ರೋಕ್ ಯಂತ್ರಕ್ಕೆ 50ಕ್ಕೆ 1 ಎಂದು ಬರೆದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್, 25ಕ್ಕೆ 1 ಎಂದಿದ್ದರೆ 40. ಅಂದಾಜಿಗೆ ಸುರಿದು ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ. ಹಾಕಿದ ಜಾಗದಿಂದ ಹತ್ತು ಅಡಿ ದೂರ ಹೋಗಿ ಶುರುಮಾಡಿ.

ಪಾರ್ಥೇನಿಯಂ ಇದ್ದರೆ ಅದನ್ನು ಯಂತ್ರದಿಂದ ಸವರಬೇಡಿ. ನೆಲ ಹಸಿಯಿದ್ದಾಗ, ಹೂ ಬಿಡುವ ಮೊದಲು, ಕೈಗವಸು ತೊಟ್ಟು ಬೇರು ಸಮೇತ ಕೀಳಬೇಕು. ಮೈಗೆ ತಾಗಿದರೆ ತುರಿಕೆ, ಹಲವರಿಗೆ ದಮ್ಮು.

ಮಳೆಗಾಲದಲ್ಲಿ ಕಲ್ಲು ಇಟ್ಟಿಗೆಯ ರಾಶಿಗೆ ಕೈ ಹಾಕುವ ಮೊದಲು ಹಾರೆಯಿಂದ ಮಗುಚಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಹಲಗೆ ಕೊಟ್ಟು, ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿಯಲು ಹೊತ್ತು ಕಳೆಯಬೇಡಿ.

ಇನ್ನು ಮಣ್ಣು. ಒಂಬತ್ತು ಅಂಗುಲ ಆಳಕ್ಕೆ ಅಗೆದು ಕಟ್ಟಡದ ಕಸವನ್ನೆಲ್ಲ ತೆಗೆಯಿರಿ. ಅದರ ಮೇಲೆ ಮೆಂತೆಸೊಪ್ಪು ಬಿತ್ತಿದರೂ ಬರುವುದಿಲ್ಲ, ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರವಾಗಿಸಿರುತ್ತದೆ. ಆಮೇಲೆ ನಾಲ್ಕು ಅಂಗುಲ ಹೊಸ ಮಿಶ್ರಣ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. 1000 ಚದರ ಅಡಿಗೆ ಇದು 333 ಘನ ಅಡಿ. ಸಡಿಲ ಮಣ್ಣು ಕುಸಿಯುವುದರಿಂದ 400 ತರಿಸಿ. "ನಾಲ್ಕು ಲೋಡ್" ಎಂದು ಬಾಯಿಮಾತಿಗೆ ಒಪ್ಪಬೇಡಿ. ಟ್ರೇಲರ್‌ನ ಉದ್ದ, ಅಗಲ, ಎತ್ತರ ಟೇಪು ಹಿಡಿದು ಅಡಿಯಲ್ಲಿ ಅಳೆದು ಗುಣಿಸಿದರೆ ಘನ ಅಡಿ ಸಿಗುತ್ತದೆ. ಗೊಬ್ಬರವನ್ನು ಕೈಯಲ್ಲಿ ತೆಗೆದು ಮೂಸಿ ನೋಡಿ. ಸಗಣಿ ವಾಸನೆ ಇನ್ನೂ ಇದ್ದರೆ ವಾಪಸ್ ಕಳಿಸಿ. ಹಸಿ ಗೊಬ್ಬರದ ಜೊತೆ ಕಳೆಬೀಜ, ಗೊಣ್ಣೆ ಹುಳು ಎರಡೂ ಬರುತ್ತವೆ. ಗೊಣ್ಣೆ ಹುಳು ಹುಲ್ಲಿನ ಬೇರನ್ನೇ ತಿಂದು ಮೇಲಿನ ಹಾಸನ್ನು ಚಾಪೆಯಂತೆ ಸುರುಳಿ ಎತ್ತುವ ಹಾಗೆ ಮಾಡುತ್ತದೆ.

ಮಣ್ಣು ಹರಡಿದ ಮೇಲೆ ಎಲ್ಲರೂ ಬಿಟ್ಟುಬಿಡುವ ಒಂದು ಹಂತವಿದೆ. ನೀರು ಹಾಕಿ ಹದಿನೈದು ದಿನ ಸುಮ್ಮನೆ ಬಿಡಬೇಕು. ಒಳಗಿರುವ ಕಳೆಬೀಜ, ಕೊನ್ನಾರಿ ಎಂಬ ಕಳೆಯ ಗೆಡ್ಡೆ ಎಲ್ಲ ಮೊಳೆತು ಕಾಣಿಸಿಕೊಳ್ಳುತ್ತವೆ. ಕೊನ್ನಾರಿಯನ್ನು ಮೇಲಿಂದ ಕಿತ್ತರೆ ಪ್ರಯೋಜನವಿಲ್ಲ. ಗೆಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಕೈಗುದ್ದಲಿಯಿಂದ ಗೆಡ್ಡೆಯನ್ನೇ ಆಯ್ದು ತೆಗೆಯಬೇಕು. ಮನೆಯವರು ಅವಸರ ಮಾಡುತ್ತಾರೆ, ಮೇಸ್ತ್ರಿಗೆ ಮುಂದಿನ ಕೆಲಸ ಕಾದಿರುತ್ತದೆ. ಆದರೂ ಈ ಹದಿನೈದು ದಿನ ಬಿಟ್ಟುಕೊಡಬೇಡಿ. ಹುಲ್ಲು ಹಾಸಿದ ಮೇಲೆ ಕೊನ್ನಾರಿ ಬಂದರೆ ಹಾಸನ್ನು ಕೀಳದೆ ಅದನ್ನು ಕೀಳಲಾಗದು.

ಮಟ್ಟ ಹಿಡಿಯಲು ಗಾರೆಯವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಸಾಕು. ಮನೆಯಿಂದ ಹೊರಕ್ಕೆ ಹತ್ತು ಅಡಿಗೆ ಒಂದರಿಂದ ಎರಡು ಅಂಗುಲ ಇಳಿಜಾರು ಕೊಡಿ. ಗೋಡೆಗೆ ಒರಗುವಂತೆ ಮಣ್ಣು ಪೇರಿಸಬೇಡಿ, ತಳಪಾಯದ ಮೇಲಿನ ಕಾಂಕ್ರೀಟ್ ಪಟ್ಟಿಗಿಂತ ಆರು ಅಂಗುಲ ಕೆಳಗಿರಲಿ. ಇಲ್ಲದಿದ್ದರೆ ಗೋಡೆಗೆ ತೇವ, ಜೊತೆಗೆ ಗೆದ್ದಲು. ಚೇಂಬರ್ ಮುಚ್ಚಳ ಚಂದ ಕಾಣುವುದಿಲ್ಲ ಎಂದು ಅದರ ಮೇಲೂ ಮಣ್ಣು ಎಳೆಯುವವರಿದ್ದಾರೆ. ಹಾಗೆ ಮಾಡಿದರೆ ಮುಂದೆ ಒಂದು ದಿನ ಪ್ಲಂಬರ್ ಅಂದಾಜಿನಲ್ಲಿ ನಾಲ್ಕು ಕಡೆ ಹುಲ್ಲು ಕಿತ್ತು ಹುಡುಕಬೇಕಾಗುತ್ತದೆ.

ಮಟ್ಟವಾದ ಮೇಲೆ ಕಲ್ಲು. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಂಗುಲ ದಪ್ಪದ ಸಾದರಹಳ್ಳಿ ಗ್ರಾನೈಟ್ ಚಪ್ಪಡಿ ಸುಮಾರು 75 ಕಿಲೋ ತೂಗುತ್ತದೆ. ಇದನ್ನು ಒಬ್ಬರು ಎತ್ತುವ ಮಾತೇ ಇಲ್ಲ. ಹಾರೆಯಿಂದ ಮೀಟಿ, ಅಡಿಗೆ ಪೈಪಿನ ತುಂಡು ಕೊಟ್ಟು ಉರುಳಿಸಿ. ಇಳಿಸುವಾಗ ಕೆಳಗೆ ಎರಡು ಮರದ ಪಟ್ಟಿ ಇಟ್ಟುಕೊಂಡು ಅವುಗಳ ಮೇಲೆ ಇಳಿಸಿ, ಆಮೇಲೆ ಹಾರೆಯಿಂದ ಎತ್ತಿ ಪಟ್ಟಿ ತೆಗೆಯಿರಿ. ಬೆರಳು ನುಜ್ಜಾಗುವುದು ಆ ಕೊನೆಯ ಎರಡು ಅಂಗುಲದಲ್ಲಿ. ಕಲ್ಲನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ತರುವುದು ಒಳ್ಳೆಯದು. ಒಣ ಗ್ರಾನೈಟ್ ಕತ್ತರಿಸಿದ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಜಾಗದಲ್ಲೇ ಒಂದೆರಡು ಕತ್ತರಿಸಲೇಬೇಕಾದರೆ ಎನ್ 95 ಮಾಸ್ಕ್ ಹಾಕಿ. ಒದ್ದೆ ನೆಲದಲ್ಲಿ ಕರೆಂಟ್ ಯಂತ್ರ ಓಡಿಸುವಾಗ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚು) ಇರುವ ಸಂಪರ್ಕದಿಂದಲೇ ತೆಗೆದುಕೊಳ್ಳಿ. ಟೇಪು ಸುತ್ತಿದ ಜಾಯಿಂಟಿನ ವೈರು ಹಸಿ ಹುಲ್ಲಿನ ಮೇಲೆ ಬೀಳಕೂಡದು.

ಬಿಸಿಲಿನ ಮಾತೂ ಹೇಳಬೇಕು. ಭಾರದ ಕೆಲಸ ಬೆಳಗ್ಗೆ ಏಳರಿಂದ ಹನ್ನೊಂದರೊಳಗೆ ಮುಗಿಸಿ. ಮಧ್ಯಾಹ್ನ ನೆರಳಿನ ಕೆಲಸ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಇಟ್ಟಿರಿ. ಚಮಚ ಟೀ ಚಮಚವಾಗಿರಲಿ, ಉಪ್ಪು ಹೆಚ್ಚಾಗಬಾರದು. ಕೆಲಸಕ್ಕೆ ಹೆಂಗಸರು ಬರುತ್ತಾರೆ. ಶೌಚಾಲಯ ಎಲ್ಲಿ ಎಂದು ಮನೆಯವರ ಜೊತೆ ಮೊದಲ ದಿನವೇ ಮಾತಾಡಿ. ಅದಿಲ್ಲದಿದ್ದರೆ ಅವರು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ, ತಲೆ ತಿರುಗಿ ಬೀಳುವುದು ಅದರಿಂದ.

ಗಿಡಗಳ ಗುಂಡಿ ಅಂದೇ ತೋಡಿ ಅಂದೇ ತುಂಬಿಸಿ. ರಾತ್ರಿ ಬಿಟ್ಟರೆ ಮೇಲೆ ಹಲಗೆ ಮುಚ್ಚಿ. ಕವರ್ ಹರಿದಾಗ ಬೇರು ಸುತ್ತಿಕೊಂಡಿದ್ದರೆ ಬೆರಳಿಂದ ಬಿಡಿಸಿ. ಕವರಿನಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ.

ಕೊನೆಗೆ ಹುಲ್ಲು. ಹಾಸುವ ಜಾಗವೇ 1000 ಚದರ ಅಡಿ ಇದ್ದರೆ ಹಾಳೆಯಾಗಿ ಬರುವ ಹುಲ್ಲನ್ನು 1050 ಚದರ ಅಡಿ ತರಿಸಿ, ಅಂಚು ಕತ್ತರಿಸುವಾಗ ಅಷ್ಟು ಹೋಗುತ್ತದೆ. ಲಾರಿ ಬೆಳಗ್ಗೆ ಬರಲಿ. ಪೇರಿಸಿಟ್ಟ ಹಾಳೆ ಒಳಗೊಳಗೇ ಬಿಸಿಯಾಗಿ ಮರುದಿನಕ್ಕೆ ಹಳದಿ ತಿರುಗುತ್ತದೆ. ಗೇಟಿಗೆ ದೂರದ ಮೂಲೆಯಿಂದ ಶುರುಮಾಡಿ, ಇಟ್ಟಿಗೆ ಕಟ್ಟುವಂತೆ ಸಂದು ತಪ್ಪಿಸಿ, ಹಲಗೆಯ ಮೇಲೆ ಮಂಡಿಯೂರಿ ಹಾಸುತ್ತ ಹಿಂದಕ್ಕೆ ಬನ್ನಿ. ರೋಲರ್ ಎಳೆದು ನೀರು ಹಾಕಿ, ಒಂದು ಹಾಳೆಯ ಮೂಲೆ ಎತ್ತಿ ನೋಡಿ. ಕೆಳಗಿನ ಮಣ್ಣು ಒದ್ದೆಯಾಗಿರಬೇಕು. ದುಡ್ಡು ಕಡಿಮೆಯಿದ್ದರೆ ಮೂರು ಅಂಗುಲಕ್ಕೊಂದು ಎಳೆ ನಾಟಬಹುದು. ಚದರ ಅಡಿಗೆ 16 ಎಳೆ, ಒಟ್ಟು 16,000. ನೆಲ ಮುಚ್ಚುವವರೆಗೆ ಎರಡು ಮೂರು ತಿಂಗಳು ಕಳೆ ಕೀಳುವ ಕೈ ಬೇಕು.

ಚೊಕ್ಕಟ ಮಾಡುವುದು ಕೊನೆಯ ದಿನದ ಕೆಲಸವಲ್ಲ, ಮೊದಲ ದಿನದ್ದು. ಗಾಜು, ಮೊಳೆ, ತಂತಿಗೆ ಒಂದು ತಗಡಿನ ಡಬ್ಬ ಬೇರೆಯೇ ಇರಲಿ, ಚೀಲಕ್ಕೆ ಹಾಕಿದರೆ ಹೊರುವವರ ಬೆನ್ನಿಗೆ ಚುಚ್ಚುತ್ತದೆ. ಇಟ್ಟಿಗೆ ಚೂರನ್ನು ಸಿಮೆಂಟ್ ಚೀಲದ ಅರ್ಧಕ್ಕಷ್ಟೇ ತುಂಬಿ. ಅದು ರಾಜಕಾಲುವೆಗೆ ಹೋಗಬಾರದು. ಸೊಪ್ಪು, ಎಲೆಗೆ ಬೆಂಕಿ ಹಚ್ಚಬೇಡಿ. ಗೊಬ್ಬರದ ಗುಂಡಿಗೆ ಹಾಕಿ. ಕುಡುಗೋಲು, ಕೈಗುದ್ದಲಿಗಳ ಹಿಡಿಗೆ ಹಳದಿ ಬಣ್ಣ ಬಳಿದು, ಬೆಳಗ್ಗೆ ಎಣಿಸಿ ಕೊಟ್ಟು ಸಂಜೆ ಎಣಿಸಿ ತೆಗೆದುಕೊಳ್ಳಿ. ಹುಲ್ಲಲ್ಲಿ ಉಳಿದ ಕುಡುಗೋಲು ಮಗುವಿನ ಕಾಲಿಗೆ ಸಿಗಬಹುದು. ರಸ್ತೆಗೆ ಬಿದ್ದ ಮಣ್ಣನ್ನು ಒಣಗಿರುವಾಗಲೇ ಗುಡಿಸಿ. ನೀರು ಬಿಟ್ಟು ತೊಳೆದರೆ ಚರಂಡಿ ಕಟ್ಟುತ್ತದೆ, ಬಿಟ್ಟುಬಿಟ್ಟರೆ ಮೊದಲ ಹನಿಗೇ ಸ್ಕೂಟರ್ ಜಾರುತ್ತದೆ.

ಮನೆಯವರಿಗೆ ಒಪ್ಪಿಸುವಾಗ ಪೈಪು, ಕೇಬಲ್ಲಿನ ಗೆರೆಗಳಿಗೆ ಟೇಪು ಹಿಡಿದು ತೆಗೆದ ಫೋಟೋಗಳನ್ನು ಅವರ ಮೊಬೈಲಿಗೆ ಕಳಿಸಿ. ಮಳೆಯಿಲ್ಲದಿದ್ದರೆ ಹದಿನೈದು ದಿನ ಬೆಳಗ್ಗೆ ಸಂಜೆ ನೀರು, ಆಮೇಲೆ ದಿನ ಬಿಟ್ಟು ದಿನ. ಹುಲ್ಲು ಎರಡೂವರೆ ಅಂಗುಲವಾದಾಗ ಮೊದಲ ಕಟಾವು, ಮೂರನೇ ಒಂದು ಪಾಲು ಮಾತ್ರ. ಅಲ್ಲಿಯವರೆಗೆ ಹುಲ್ಲಿನ ಮೇಲೆ ಕುರ್ಚಿ ಹಾಕುವುದು ಬೇಡ ಎಂದು ಹೇಳಿ, ಗೇಟು ಎಳೆದುಕೊಂಡು ಬನ್ನಿ. ನಮಸ್ಕಾರ.