ಬೇಡವೆಂದು ಬಿಟ್ಟ ಗೇರ್ ಬಾಕ್ಸ್

ನಮಸ್ಕಾರ. ಕಲಬುರಗಿಯಿಂದ ಮಾತನಾಡುತ್ತಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರಾಟದ ಜಾಹೀರಾತು ಓದುವ ಚಟ ನನಗಿದೆ. ಕೊಳ್ಳುವ ಶಕ್ತಿ ಇಲ್ಲದವನು ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಆ ಜಾಹೀರಾತುಗಳಲ್ಲಿ 'ಕಾರ್ಖಾನೆಯಿಂದಲೇ ಬಂದ ಅಪರೂಪದ ಗೇರ್ ಬಾಕ್ಸ್' ಎಂಬ ಮಾತು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಅದು ಅಪರೂಪವಾದದ್ದು ಏಕೆ? ಜನರಿಗೆ ಸಿಗದೆ ಹೋಯಿತೋ, ಅಥವಾ ಜನರೇ ಬೇಡವೆಂದರೋ? ಬಹುಪಾಲು ಸಲ ಉತ್ತರ ಎರಡನೆಯದು, ಮತ್ತು ಮಾರುವವರು ಬಾಯಿ ಬಿಡದ ಸಂಗತಿಯೂ ಅದೇ.

ಪೋರ್ಷೆ 911ರ ಸ್ಪೋರ್ಟೋಮ್ಯಾಟಿಕ್ಕನ್ನೇ ನೋಡಿ. 1968ರ ಮಾದರಿಗೆಂದು 1967ರಲ್ಲಿ ಹೊರಬಂದ ಈ ಗೇರ್ ಬಾಕ್ಸ್ ಆಟೊಮ್ಯಾಟಿಕ್ ಅಲ್ಲ, ಪೂರ್ತಿ ಮ್ಯಾನುಯಲ್ಲೂ ಅಲ್ಲ. ನಾಲ್ಕು ಗೇರುಗಳನ್ನು ಕೈಯಿಂದಲೇ ಹಾಕಬೇಕು, ಆದರೆ ಕಾಲಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಗೇರ್ ಕೋಲಿನಲ್ಲಿ ಒಂದು ಪುಟ್ಟ ಸ್ವಿಚ್ ಅಡಗಿದೆ. ಕೈಯ ಒತ್ತಡಕ್ಕೆ ಕೋಲು ತುಸು ಅಲುಗಿದರೆ ಸಾಕು, ವಿದ್ಯುತ್ತಿನಿಂದ ಒಂದು ವಾಲ್ವ್ ತೆರೆದುಕೊಂಡು, ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವೇ ಕ್ಲಚ್ಚನ್ನು ಬಿಡಿಸುತ್ತದೆ, ಕೈ ತೆಗೆದೊಡನೆ ಕ್ಲಚ್ ಮತ್ತೆ ಹಿಡಿಯುತ್ತದೆ. ಗೇರಿನಲ್ಲಿದ್ದಾಗಲೇ ನಿಂತರೂ ಎಂಜಿನ್ ಬಂದ್ ಬೀಳದಿರಲೆಂದು ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಕೂರಿಸಿದ್ದಾರೆ, ಅದಕ್ಕೆ ಬೇಕಾದ ಎಣ್ಣೆಯನ್ನು ಎಂಜಿನ್ ಎಣ್ಣೆಯಿಂದಲೇ ಒದಗಿಸಿದ್ದಾರೆ. ನಮ್ಮಲ್ಲಿ ಅನೇಕರಿಗೆ ಗಾಡಿ ಓಡಿಸುವಾಗ ಎಡಗೈಯನ್ನು ಸುಮ್ಮನೆ ಗೇರಿನ ಮೇಲೆ ಊರಿಕೊಳ್ಳುವ ಅಭ್ಯಾಸವಿದೆ. ಈ ಕಾರಿನಲ್ಲಿ ಹಾಗೆ ಕೈ ಊರಿದರೆ ಕ್ಲಚ್ ಬಿಟ್ಟುಕೊಂಡು, ಎಂಜಿನ್ ಒಮ್ಮೆಲೇ ಅರಚಿಕೊಳ್ಳುತ್ತದೆ.

ಇದನ್ನು ಆಟಿಕೆ ಎನ್ನುವಂತಿರಲಿಲ್ಲ. ಅದೇ 1967ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ 'ಮ್ಯಾರಥಾನ್ ದ ಲಾ ರೂಟ್' ಸ್ಪರ್ಧೆಯನ್ನು ವಿಕ್ ಎಲ್ಫರ್ಡ್, ಹ್ಯಾನ್ಸ್ ಹೆರ್ಮನ್ ಮತ್ತು ಯೋಖೆನ್ ನೀರ್‌ಪಾಶ್ ಗೆದ್ದದ್ದು ಸ್ಪೋರ್ಟೋಮ್ಯಾಟಿಕ್ ಅಳವಡಿಸಿದ 911 ಆರ್ ಕಾರಿನಲ್ಲಿ. ಮೂರೂವರೆ ದಿನ ಹಗಲುರಾತ್ರಿ ಓಡಿ ಗೆದ್ದ ಯಂತ್ರವೂ ಅಂಗಡಿಯಲ್ಲಿ ಸೋಲುತ್ತದೆ. 911 ಕೊಳ್ಳುವವನಿಗೆ ಕ್ಲಚ್ ತುಳಿಯುವುದು ಶ್ರಮವಲ್ಲ, ಅವನು ಹಣ ಕೊಡುವುದೇ ಆ ಸುಖಕ್ಕೆ. ಮುಂದೆ ಅದು ಮೂರು ಗೇರುಗಳಿಗೆ ಇಳಿದು, 1980ರಲ್ಲಿ ನಿಂತೇ ಹೋಯಿತು. ಮಾರಾಟವಾದ ಕಾರುಗಳಲ್ಲಿಯೂ ಅನೇಕವನ್ನು ನಂತರದ ಮಾಲೀಕರು ಬಿಚ್ಚಿಸಿ ಮ್ಯಾನುಯಲ್ ಹಾಕಿಸಿಕೊಂಡರು. ಕೊಂಡವರು ಕಡಿಮೆ, ಉಳಿಸಿಕೊಂಡವರು ಇನ್ನೂ ಕಡಿಮೆ. ಇಂದಿನ ಅಪರೂಪ ಹುಟ್ಟಿದ್ದು ಹೀಗೆ.

ಯೋಚನೆ ಮಾತ್ರ ಸಾಯಲಿಲ್ಲ. 2020ರಲ್ಲಿ ಹ್ಯುಂಡೈ ಕಂಪನಿ ನಮ್ಮ ದೇಶದಲ್ಲಿ ವೆನ್ಯೂ ಕಾರಿಗೆ ಐಎಂಟಿ ಎಂಬ ಗೇರ್ ಬಾಕ್ಸ್ ಕೊಟ್ಟಿತು. ಅದರಲ್ಲಿಯೂ ಕ್ಲಚ್ ಪೆಡಲ್ ಇಲ್ಲ, ಗೇರ್ ಕೋಲಿನಲ್ಲಿರುವ ಸೆನ್ಸರ್ ಕೈಯ ಉದ್ದೇಶವನ್ನು ಗುರುತಿಸುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ಆಟೋಗಳ ನಡುವೆ ತೆವಳುವ ಮನುಷ್ಯನಿಗೆ ಅದರ ಬೆಲೆ ಕೂಡಲೇ ತಿಳಿಯುತ್ತದೆ, ಏಕೆಂದರೆ ಅವನ ಎಡ ಮಂಡಿ ಅದನ್ನು ಹೇಳಿಕೊಡುತ್ತದೆ. 1967ರಲ್ಲಿ ತಪ್ಪಿದ್ದು ಯಂತ್ರವಲ್ಲ, ಗಿರಾಕಿ.

ಬ್ರಿಟಿಷ್ ಕಾರುಗಳ ಕಥೆ ಇಷ್ಟು ಸ್ವಾರಸ್ಯದ್ದಲ್ಲ. ಎಂಜಿಬಿ ಕಾರಿಗೆ 1967ರಿಂದ 1973ರವರೆಗೆ ಬೋರ್ಗ್ ವಾರ್ನರ್ ಕಂಪನಿಯ ಆಟೊಮ್ಯಾಟಿಕ್ ಸಿಗುತ್ತಿತ್ತು, ಐದು ಲಕ್ಷ ದಾಟಿದ ಒಟ್ಟು ತಯಾರಿಕೆಯಲ್ಲಿ ಅದನ್ನು ಕೇಳಿದವರು ಕೆಲವೇ ಸಾವಿರ. ಜಾಗ್ವಾರ್ ಇ-ಟೈಪ್‌ಗೆ 1966ರಲ್ಲಿ ಮೊದಲಿನದಕ್ಕಿಂತ ಒಂಬತ್ತು ಇಂಚು ಹೆಚ್ಚು ಉದ್ದದ, ನಾಲ್ಕು ಸೀಟಿನ ಮಾದರಿ ಬಂದಾಗ ಆಟೊಮ್ಯಾಟಿಕ್ ಸೇರಿತು. ಅಂಥ ಕಾರುಗಳ ಚಾಸಿ ನಂಬರಿನ ಕೊನೆಯಲ್ಲಿ 'ಬಿಡಬ್ಲ್ಯೂ', ಅಂದರೆ ಬೋರ್ಗ್ ವಾರ್ನರ್, ಎಂಬ ಅಕ್ಷರಗಳಿರುತ್ತವೆ. ಗೇರ್ ಬಾಕ್ಸ್ ಬದಲಾಯಿಸಿದವರು ಬೇಕಾದದ್ದನ್ನೆಲ್ಲ ಬದಲಾಯಿಸಲಿ, ಕಾರು ಏನಾಗಿ ಹುಟ್ಟಿತು ಎಂಬುದನ್ನು ಆ ಎರಡು ಅಕ್ಷರಗಳು ಹೇಳುತ್ತಲೇ ಇರುತ್ತವೆ.

ಅಪರೂಪವೆಂದರೆ ಆಟೊಮ್ಯಾಟಿಕ್ ಎಂದೇ ತಿಳಿಯಬೇಡಿ. 1953ರ ಶೆವ್ರೊಲೆ ಕಾರ್ವೆಟ್ ಒಟ್ಟು 300 ತಯಾರಾದವು, ಮುನ್ನೂರಕ್ಕೂ ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್. 1955ರ 700 ಕಾರುಗಳಲ್ಲಿ ಕೆಲವಕ್ಕೆ ಮಾತ್ರ ಮೂರು ಗೇರಿನ ಮ್ಯಾನುಯಲ್ ಬಂತು, ಆದ್ದರಿಂದ ಅಲ್ಲಿ ಅಪರೂಪದ್ದು ಕ್ಲಚ್ ಪೆಡಲ್. 1963ರಿಂದ 1971ರವರೆಗೆ ಬಂದ, ಚಾವಣಿಯ ನಡುವೆ ತಗ್ಗು ಇರುವುದರಿಂದ 'ಪಗೋಡಾ' ಎಂದು ಹೆಸರಾದ ಮರ್ಸಿಡಿಸ್ ಎಸ್‌ಎಲ್‌ನಲ್ಲಿಯೂ ಅಷ್ಟೇ: ಆಟೊಮ್ಯಾಟಿಕ್ ಬೇಕೆಂದವರು ಬಹಳ, ಜೆಡ್‌ಎಫ್ ಕಂಪನಿಯ ಐದು ಗೇರಿನ ಮ್ಯಾನುಯಲ್ ಕೇಳಿದವರು ವಿರಳ, ಈಗ ಎಲ್ಲರೂ ಹುಡುಕುವುದು ಅದನ್ನೇ. ಒಂದು ಕಾಲದ ಗಿರಾಕಿ ತಿರಸ್ಕರಿಸಿದ್ದನ್ನು ಇನ್ನೊಂದು ಕಾಲದ ಗಿರಾಕಿ ಹೆಚ್ಚು ಹಣ ಕೊಟ್ಟು ತರುತ್ತಾನೆ, ಇಲ್ಲವೇ ಸ್ಪೋರ್ಟೋಮ್ಯಾಟಿಕ್‌ನಂತೆ ಬಹುಕಾಲ ಮ್ಯಾನುಯಲ್‌ಗಿಂತ ಕಡಿಮೆ ಬೆಲೆಯಲ್ಲೇ ಬಿಟ್ಟಿರುತ್ತಾನೆ. ಸಂಖ್ಯೆ ಕಡಿಮೆ ಎಂಬುದು ಬೆಲೆ ಹೆಚ್ಚಿಸಲು ಸಾಕಾದ ಕಾರಣವಲ್ಲ. ಹಾಗೆ ಹೇಳಿ ಹೆಚ್ಚು ಹಣ ಕೇಳುವವನ ಜೊತೆ ನೀವು ನಿಸ್ಸಂಕೋಚವಾಗಿ ಚೌಕಾಸಿ ಮಾಡಬಹುದು.

ಆದರೆ ಕಾರನ್ನು ಕೊಂಡ ಮೇಲೆ ಆ ಗೇರ್ ಬಾಕ್ಸನ್ನು ಬಿಚ್ಚಿಸಬೇಡಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಹಾಗೆ ಹೇಳಲು ನನಗೆ ಅಷ್ಟಾಗಿ ಅಧಿಕಾರವಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇದ್ದ ಹಳೆಯ ಕಾರೊಂದಿತ್ತು. ಎರಡನೇ ಗೇರಿಗೆ ಹೋಗುವಾಗ ಅದರ ರಾಡುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಆಗ ಅಪ್ಪ ಇಳಿದು, ಬಾನೆಟ್ ಎತ್ತಿ, ಸುಡುವ ರಾಡನ್ನು ಹೆಗಲ ಮೇಲಿನ ಟವೆಲ್ಲಿನಿಂದ ಹಿಡಿದು ಅಲುಗಾಡಿಸಿ, ಕೈ ಒರೆಸಿಕೊಳ್ಳುತ್ತ ಬಂದು ಕೂರುತ್ತಿದ್ದರು. ಸೇಡಂ ರಸ್ತೆಯ ಮಿಸ್ತ್ರಿಯೊಬ್ಬರು, "ಇದು ತೆಗ್ದು ಒಗೀರ್ರಿ ಸಾಹೇಬ್ರ, ಫ್ಲೋರ್ ಗೇರ್ ಮಾಡಿ ಕೊಡ್ತಿನಿ" ಎಂದರು. ಅಪ್ಪ ಹಿಂದೆಮುಂದೆ ನೋಡುತ್ತಿದ್ದರು, ಒತ್ತಾಯ ಮಾಡಿದವನು ನಾನು. ಎರಡು ದಿನದಲ್ಲಿ ನೆಲದ ತಗಡಿಗೆ ರಂಧ್ರ ಕೊರೆದು ಹೊಸ ಕೋಲು ನಿಲ್ಲಿಸಿದರು, ಹಳೆಯ ರಾಡುಗಳು ಗೋಣಿಚೀಲದಲ್ಲಿ ಮನೆಗೆ ಬಂದವು, ಮುಂದಿನ ದೀಪಾವಳಿಗೆ ಮನೆ ಒಪ್ಪ ಮಾಡುವಾಗ ಗುಜರಿಯವನ ತಕ್ಕಡಿಗೆ ಹೋದವು.

ಕೆಲವು ವರ್ಷಗಳ ನಂತರ ಆ ಕಾರನ್ನು ಹುಮನಾಬಾದಿನ ಒಬ್ಬರು ಕೊಂಡರು. ಅವರಿಗೆ ಹಳೆಯ ಗಾಡಿಗಳ ಹುಚ್ಚು. ಕಳೆದ ವರ್ಷ ಫೋನ್ ಮಾಡಿ, ನೆಲದ ರಂಧ್ರಕ್ಕೆ ತಗಡು ಬೆಸೆದು ಮುಚ್ಚಿಸಿದ್ದೇನೆ, ಬಣ್ಣವೂ ಆಗಿದೆ ಎಂದು ಸಂತೋಷದಿಂದ ತಿಳಿಸಿ, ಕೊನೆಗೆ ತುಸು ಸಂಕೋಚದಲ್ಲೇ ಕೇಳಿದರು: ಆ ಹಳೆಯ ರಾಡುಗಳು ಮನೆಯಲ್ಲಿ ಎಲ್ಲಿಯಾದರೂ ಉಳಿದಿವೆಯೇ?